ಬೀಗ ಹಾಕಿದ ಪ್ರದರ್ಶನ

ಇದುವರೆಗೆ ಯಾರೂ ಕಣ್ಣೆತ್ತಿ ನೋಡದ ಕಲಾವಿದರನ್ನು ಬೆಳಕಿಗೆ ತರುವ ಹೊಣೆ ಮಾಲ್ಮೋ ನಗರದ ನಮ್ಮ ಫೋಟೋ ಗ್ಯಾಲರಿಯಲ್ಲಿ ನನ್ನದೆಂದು ಈ ಮೂಲಕ ತಿಳಿಸಲಾಗಿದೆ. ಇದಕ್ಕಾಗಿ ನನಗೆ ಸನ್ಮಾನಗಳೂ ಆಗಿವೆ. ಬೇಡ ಬೇಡ ಎನ್ನುತ್ತಲೇ ಹೋಗಿ ಮುಂದಿನ ಸಾಲಿನಲ್ಲಿ ಕೂತಿದ್ದೇನೆ.

ಈ ಸಲ ಆಯ್ಕೆಯಾದವಳು ಹಿಬಾಕ್. ನನ್ನ ಹಾಗೆ ಸೊಮಾಲಿ ಮನೆತನದವಳು. ಅಪಾರ್ಟ್‌ಮೆಂಟಿನವರೆಲ್ಲ ಸರದಿಯ ಮೇಲೆ ಬಟ್ಟೆ ಒಗೆಯುವ ನೆಲಮಾಳಿಗೆಯ ಕೋಣೆಯಲ್ಲಿ ನೆರೆಹೊರೆಯವರ ಫೋಟೋ ತೆಗೆದಿದ್ದಳು. "ಇದೂ ಒಂದು ಕೆಲಸವಾ?" ಎಂದು ಮೂಗು ಮುರಿಯುತ್ತಿದ್ದ ತನ್ನಮ್ಮ ಬಂದು ಅವನ್ನು ಗೋಡೆಯ ಮೇಲೆ ನೋಡಬೇಕು, ಅವಳಿಗಿದ್ದದ್ದು ಅದೊಂದೇ ಆಸೆ.

ಉದ್ಘಾಟನೆಯ ಬೆಳಿಗ್ಗೆ ನಿರ್ದೇಶಕಿ ಬಿರ್ಗಿತ್ತಾ ಕಾಫಿ ಮತ್ತು ದಾಲ್ಚಿನ್ನಿ ಬನ್ನಿನ ಜೊತೆ ಅನುದಾನದ ನಿಯಮವನ್ನೂ ತಂದಳು: "ಸಾರ್ವಜನಿಕರು ಒಮ್ಮೆ ನೋಡಿದ ಕೂಡಲೇ ಸದರಿ ಕಲಾವಿದರು ಬೆಳಕಿಗೆ ಬಂದವರೆಂದು ಪರಿಗಣಿಸಿ ಬೆಂಬಲವನ್ನು ಹಿಂಪಡೆಯತಕ್ಕದ್ದು."

"ಬಾಗಿಲು ತೆಗೆದ್ರೆ ಈ ಅನುದಾನದಲ್ಲಿ ಬರಬೇಕಾದ ಅವಳ ಫೋಟೋ ಪುಸ್ತಕ ಹೋಯ್ತು. ಅದರ ಸಂಪಾದಕಿ ನೀನು, ನೀನೂ ಹೋದೆ," ಅಂದಳು.

"ಅಯ್ಯೋ, ಪಾಪ ಹಿಬಾಕ್!" ಎಂದೆ, ನನ್ನ ಕೆಲಸ ನೆನೆದು.

ಬೀಗ ಹಾಕಿಸಿದೆವು. ಸಂಜೆ ಅತಿಥಿಗಳು ಬೀಗದ ಮುಂದೆ ನಿಂತು ವೈನ್ ಕುಡಿದರು. ನೋಡುವುದು ಎಂತಹ ದಬ್ಬಾಳಿಕೆ ಎಂಬ ಬಗ್ಗೆ ನಾನು ಭಾಷಣ ಮಾಡಿದೆ. ವಿಮರ್ಶಕರೊಬ್ಬರು ಕಣ್ಣೊರೆಸಿಕೊಂಡರು.

"ಅಕ್ಕಾ, ಇದೇನ್ ತಮಾಷೆ? ಅಮ್ಮ ರೈಲು ಹತ್ಕೊಂಡು ಬಂದಿದ್ದಾಳೆ!" ಎಂದಳು ಹಿಬಾಕ್.

"ಸುಮ್ನಿರೇ, ಎಲ್ಲಾ ನಿನ್ನ ಒಳ್ಳೇದಕ್ಕೇ," ಎಂದು ನಿಯಮವನ್ನು ಓದಿ ಹೇಳಿದೆ.

ಹಬ್ಬದ ಶಾಲು ಹೊದ್ದ ತಾಯಿ ಬಾಗಿಲ ಬಳಿ ಬಂದರು. "ನಾನು ನೋಡಿದ್ರೆ ಇವಳಿಗೆ ಪುಸ್ತಕ ಸಿಗಲ್ವಾ? ಹೆತ್ತ ತಾಯಿನೂ ಸಾರ್ವಜನಿಕರಾ?"

ಬಿರ್ಗಿತ್ತಾ ಯೋಚಿಸಿದಳು. "ಟಿಕೆಟ್ ತಗೊಂಡಿದ್ದೀರಲ್ಲ."

"ಹಂಗಾದ್ರೆ ಬೇಡ ಬಿಡಿ," ಎಂದು ಅವರು ಬಾಗಿಲಿಗೆ ಬೆನ್ನು ಹಾಕಿ ನಿಂತರು. ಆಮೇಲೆ ನನ್ನ ಕೈ ಹಿಡಿದು, "ನೀನಾದ್ರೂ ನೋಡಿದ್ದೀಯಲ್ಲಮ್ಮ, ಹೆಂಗಿದಾವೆ?" ಎಂದರು.

"ಅದ್ಭುತ," ಎಂದೆ. ಆಯ್ಕೆಯ ವೇಳೆ ನಾನು ಓದಿದ್ದು ಅವಳ ಪರಿಚಯವನ್ನು ಮಾತ್ರ.

"ಕೇಳಿದ್ಯೇನೇ? ಅದ್ಭುತವಂತೆ!" ಎಂದು ತಾಯಿ ಮಗಳ ತಲೆ ಸವರಿದರು. ಎಲ್ಲರೂ ಚಪ್ಪಾಳೆ ತಟ್ಟಿದರು, ಕೊನೆಗೆ ಹಿಬಾಕ್ ಕೂಡ. ಸಾರ್ವಜನಿಕರ ಒತ್ತಾಯದ ಮೇರೆಗೆ ಪ್ರದರ್ಶನವನ್ನು ವಿಸ್ತರಿಸಲಾಯಿತು.

ಪುಸ್ತಕ ಮೊನ್ನೆ ಹೊರಬಂತು. ನಿಯಮಾನುಸಾರ ಚಿತ್ರಗಳ ಪುಟಗಳನ್ನು ಒಂದಕ್ಕೊಂದು ಅಂಟಿಸಲಾಗಿದೆ, ನನ್ನ ಮುನ್ನುಡಿಯನ್ನು ಓದಬಹುದು. ತಾಯಿ ಅದನ್ನು ನಡುಮನೆಯಲ್ಲಿಟ್ಟು ಬಂದವರಿಗೆಲ್ಲ ಹೆಮ್ಮೆಯಿಂದ ತೋರಿಸುತ್ತಾರಂತೆ. ಯಾರಾದರೂ ಪುಟ ಬಿಡಿಸಲು ಹೋದರೆ ಕೈ ಮೇಲೆ ಹೊಡೆಯುತ್ತಾರಂತೆ.