ಮನೆಗೊಂದೇ ಉತ್ತರ

ಹೆಂಡತಿ: ಬೇಕು ಅಂತ ಒತ್ತಮ್ಮ.

ಗಂಡ: ಬೇಡ ಅಂತ ಒತ್ತಮ್ಮ. ಈ ಮನೆ ಯಜಮಾನ ಇನ್ನೂ ಇಲ್ಲೇ ನಿಂತಿದೀನಿ.

ಹೆಂಡತಿ: ನಿಂತಿರೋದು ಕಾಣ್ತಿದೆ. ಬಾಗಿಲಿಗೇ ಅಡ್ಡ ನಿಂತಿದೀರಿ. ಸ್ವಲ್ಪ ಸರೀರಿ, ಆ ಮಗು ಒಳಗೆ ಬರಲಿ.

ಪಾಲಿಕೆಯಿಂದ ಬಂದ ಹುಡುಗಿಯ ಒಂದು ಕಾಲು ಹೊಸ್ತಿಲ ಒಳಗಿತ್ತು, ಇನ್ನೊಂದು ಹೊರಗೇ ಇತ್ತು. ಪೇಟೆಯೊಳಗೆ ಕಾರು ತರುವವರಿಗೆ ದಟ್ಟಣೆ ಶುಲ್ಕ ಹಾಕಿ ಮೂರು ತಿಂಗಳಾಗಿತ್ತು. ಬರೀ ಪ್ರಯೋಗ ಎಂದಿದ್ದ ಪಾಲಿಕೆ, ಇನ್ನು ಮುಂದುವರಿಸಬೇಕೋ ನಿಲ್ಲಿಸಬೇಕೋ ಎಂದು ಈಗ ಮನೆಮನೆಗೆ ಜನ ಕಳಿಸಿ ಕೇಳಿಸುತ್ತಿತ್ತು. ಹುಡುಗಿಯ ಕೈಯ ಫೋನಿನಲ್ಲಿ ಎರಡೇ ಗುಂಡಿ, ಹಸಿರೊಂದು, ಕೆಂಪೊಂದು. ಮನೆಗೊಂದೇ ಉತ್ತರ.

ಹುಡುಗಿ: ಇಬ್ಬರೂ ಮಾತಾಡ್ಕೊಂಡು ಒಂದು ಹೇಳಿದ್ರೆ ಮೇಡಂ...

ಹೆಂಡತಿ: ಮದುವೆಯಾದಾಗಿನಿಂದ ಮಾತಾಡ್ಕೊಳ್ತಾನೇ ಇದೀವಮ್ಮ. ಯಾವುದಕ್ಕೂ ಒಂದು ಉತ್ತರ ಬಂದಿಲ್ಲ.

ಗಂಡ: ರಸ್ತೆ ಏನು ಅವರಪ್ಪನ ಮನೆ ಆಸ್ತೀನಾ? ದುಡ್ಡಿರೋನು ಕಟ್ಟಿ ರಾಜನ ಹಾಗೆ ಹೋಗ್ತಾನೆ. ಬಡವರ ಗತಿ?

ಹೆಂಡತಿ: ಬಡವರು ಬಸ್ಸಲ್ಲಿ ನನ್ನ ಪಕ್ಕದಲ್ಲೇ ಕೂತಿರ್ತಾರೆ. ಬಸ್ಸು ಈಗ ಗಾಳಿ ಹಾಗೆ ಹೋಗುತ್ತೆ. ನಿಮಗೆ ನಮಸ್ಕಾರ ಹೇಳಿದಾರೆ.

ಅವಳಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ‘ಇದರಲ್ಲಿ ಕಾಣುತ್ತಾ, ಈಗ ಕಾಣುತ್ತಾ’ ಎಂದು ಹಗಲೆಲ್ಲ ಮೆತ್ತಗೆ ಕೇಳಿ ಕೇಳಿ, ಮನೆಗೆ ಬರುವಷ್ಟರಲ್ಲಿ ಆ ಮೆತ್ತಗಿನ ದನಿ ಖರ್ಚಾಗಿರುತ್ತಿತ್ತು.

ಗಂಡ: ಸರಿ, ವ್ಯಾಪಾರಿಗಳು? ಅವರ ಹೊಟ್ಟೆ ಮೇಲೆ ಹೊಡೆದ ಹಾಗಲ್ವಾ?

ಹೆಂಡತಿ: ನಮ್ಮ ಅಂಗಡಿಗೆ ಗಿರಾಕಿ ಹೆಚ್ಚಾಗಿದಾರೆ. ಮೊದಲು ಕಾರು ಅಡ್ಡ ನಿಂತು ಬೋರ್ಡೇ ಕಾಣ್ತಿರಲಿಲ್ಲ. ನಮ್ಮ ಗಿರಾಕಿಗಳಿಗೆ ಮೊದಲೇ ಕಣ್ಣು ಅಷ್ಟಕ್ಕಷ್ಟೆ.

ಗಂಡ: ಆ ದುಡ್ಡೆಲ್ಲ ಎಲ್ಲಿಗೆ ಹೋಗುತ್ತೆ ಹೇಳು? ನುಂಗಿ ನೀರು ಕುಡೀತಾರೆ.

ಹುಡುಗಿ: ಸರ್, ಅದರಲ್ಲಿ ಹೊಸ ಬಸ್ಸು ತಗೊಂಡಿದಾರೆ...

ಗಂಡ: ನೀನು ಮಧ್ಯೆ ಬಾಯಿ ಹಾಕ್ಬೇಡಮ್ಮ. ನೀನು ಕೇಳೋಕೆ ಬಂದೋಳು.

ಹುಡುಗಿ: ಹಾಗಾದ್ರೆ ಕೇಳ್ತೀನಿ ಸರ್. ಶುಲ್ಕ ನಿಮ್ಮ ಕೈಯಿಂದ ಹೋಗುತ್ತಾ?

ಗಂಡ ಗೋಡೆಯ ಕಡೆ ನೋಡಿದ.

ಹೆಂಡತಿ: ಒಂದು ಕಾಸೂ ಇಲ್ಲ. ಇವರು ಕೆಲಸ ಮಾಡೋ ವಿಮಾ ಕಂಪನಿ ಪೂರ್ತಿ ಕೊಡುತ್ತೆ.

ಗಂಡ: ಇದು ತತ್ವದ ಪ್ರಶ್ನೆ!

ಹುಡುಗಿ: ಸಂಜೆ ಮನೆಗೆ ಬರೋಕೆ ಮೊದಲು ಎಷ್ಟು ಹೊತ್ತಾಗ್ತಿತ್ತು ಸರ್?

ಗಂಡ: ಐದೂವರೆಗೆ ಬಿಟ್ಟರೆ ಎಂಟಕ್ಕೆ ಮನೆ.

ಹುಡುಗಿ: ಈಗ?

ಗಂಡ: ಈಗಲೂ ಎಂಟಕ್ಕೇ! ಏನು ಬಂತು ಉಪಯೋಗ? ಹಾಕು, ಬೇಡ ಅಂತ ಹಾಕು.

ಹುಡುಗಿ: (ಫೋನು ನೋಡುತ್ತ) ಪೇಟೆಯಿಂದ ಇಲ್ಲಿಗೆ ಈಗ ಅರ್ಧ ಗಂಟೆ ಸರ್. ನಮ್ಮವರೇ ಓಡಾಡಿ ನೋಡಿದಾರೆ.

ಹೆಂಡತಿ ಕೈಕಟ್ಟಿ ನಿಂತಳು.

ಹೆಂಡತಿ: ಮಿಕ್ಕ ಹೊತ್ತು?

ಗಂಡ: ಕೆಲಸ ಇರುತ್ತೆ...

ಹೆಂಡತಿ: ನಿಮ್ಮ ಆಫೀಸಿಗೆ ಐದೂವರೆಗೆ ಬೀಗ ಬೀಳುತ್ತೆ. ಅವಳ ಹೆಸರು ಹೇಳಿ.

ಗಂಡ: ಅಯ್ಯೋ, ಅವಳೂ ಇಲ್ಲ, ಇವಳೂ ಇಲ್ಲ! ಕಾರಲ್ಲೇ ಇರ್ತೀನಿ. ಪಾರ್ಕಿನ ಹಿಂದಿನ ಗಲ್ಲಿಯಲ್ಲಿ ನಿಲ್ಲಿಸ್ಕೊಂಡು.

ಹೆಂಡತಿ: ನಿಲ್ಲಿಸ್ಕೊಂಡು?

ಗಂಡ: ಕೂತಿರ್ತೀನಿ.

ಹೆಂಡತಿ: ಕೂತ್ಕೊಂಡು?

ಗಂಡ: ಕೂತ್ಕೊಂಡು ಅಷ್ಟೇ. ಜಾಮಲ್ಲಿ ಹಾಗೇ ಅಲ್ವಾ ಕೂತಿರ್ತಿದ್ದೆ? ಆಫೀಸಿನವರು ಏನೂ ಕೇಳ್ತಿರಲಿಲ್ಲ, ಮನೆಯವರೂ ಕೇಳ್ತಿರಲಿಲ್ಲ. ಟ್ರಾಫಿಕ್ ಅಂದ್ರೆ ಸಾಕು, ಅಯ್ಯೋ ಪಾಪ ಅಂತಿದ್ರು. ಇಡೀ ದಿನದಲ್ಲಿ ಅದೊಂದು ಹೊತ್ತು ನನ್ನದು. ಈ ಪಾಲಿಕೆಯವರು ಅದನ್ನೂ ಕಿತ್ಕೊಂಡ್ರು.

ಕೊನೆಯ ಮಾತಿನಲ್ಲಿ ಅವನ ದನಿ ಸಣ್ಣದಾಯಿತು. ಬಂದ ನಗುವನ್ನು ಹೆಂಡತಿ ನುಂಗಿಕೊಂಡಳು.

ಗಂಡ: ಆಯ್ತು, ತಪ್ಪಾಯ್ತು. ನಾಳೆಯಿಂದ ಆರಕ್ಕೆ ಸರಿಯಾಗಿ ಮನೇಲಿರ್ತೀನಿ. ಒತ್ತಮ್ಮ, ಬೇಕು ಅಂತಾನೇ ಒತ್ತು. ನಾನು ಸೋತೆ.

ಹುಡುಗಿಯ ಬೆರಳು ಹಸಿರು ಗುಂಡಿಯ ಹತ್ತಿರ ಹೋಯಿತು.

ಹೆಂಡತಿ: ತಡಿ!

ಗಂಡ: ಇನ್ನೇನು? ಅಂದಹಾಗೆ, ರಸ್ತೆ ಖಾಲಿಯಾದ್ರೂ ನಾನು ಎಂಟಕ್ಕೇ ಬರ್ತಿದ್ನಲ್ಲ, ನೀನು ಒಂದು ದಿನಾನೂ ಯಾಕೆ ಕೇಳಲಿಲ್ಲ?

ಉತ್ತರ ಅವಳ ಬಳಿ ಇತ್ತು. ಹೇಳುವಂಥದ್ದಾಗಿರಲಿಲ್ಲ. ಬಸ್ಸು ಬೇಗ ಬರತೊಡಗಿದ ಮೇಲೆ ಅವಳು ಆರಕ್ಕೆಲ್ಲ ಮನೆ ಸೇರುತ್ತಿದ್ದಳು. ಮಗಳು ಪಾಠ ಮುಗಿಸಿ ಬರುವುದು ಎಂಟಕ್ಕೆ. ಆ ನಡುವೆ ಅವಳು ದೀಪ ಹಾಕುತ್ತಿರಲಿಲ್ಲ. ತಣ್ಣನೆಯ ನೆಲದ ಮೇಲೆ ಅಂಗಾತ ಮಲಗಿ, ಕಾಲೆರಡನ್ನೂ ಗೋಡೆಗೆ ಒರಗಿಸಿ, ಕಿಟಕಿಯ ಬೆಳಕು ಮೆಲ್ಲನೆ ಎದ್ದು ಹೋಗುವವರೆಗೂ ರೇಡಿಯೋ ಜೊತೆ ತಪ್ಪು ತಪ್ಪಾಗಿ ಹಾಡುತ್ತಿದ್ದಳು. ಆಗ ಅವಳು ಯಾರನ್ನೂ ‘ಕಾಣುತ್ತಾ’ ಎಂದು ಕೇಳಬೇಕಾಗಿರಲಿಲ್ಲ.

ಹೆಂಡತಿ: ಅಲ್ಲಾ ರೀ, ಆರಕ್ಕೇ ಬರೋ ಅಂಥ ಅವಸರ ಏನಿದೆ?

ಗಂಡ: ಏನಂದೆ?

ಹೆಂಡತಿ: ದಿನವಿಡೀ ದುಡಿದಿರ್ತೀರಿ. ಸ್ವಲ್ಪ ಕೂತು ಬಂದ್ರೆ ಯಾರ ಗಂಟೇನು ಹೋಗುತ್ತೆ?

ಗಂಡ: ಇಲ್ಲ ಕಣೆ, ನಿನ್ನೊಬ್ಬಳನ್ನೇ ಬಿಟ್ಟಿದ್ನಲ್ಲ ಅಂತ ಮನಸ್ಸು ಚುಚ್ಚುತ್ತಿದೆ.

ಹೆಂಡತಿ: ಚುಚ್ಚಿಸ್ಕೋಬೇಡಿ. ಶುಲ್ಕ ಹಾಗೇ ಇರಲಿ, ನೀವು ಅಲ್ಲೇ ಇರಿ. ಒತ್ತಮ್ಮ, ಬೇಕು.

ಗಂಡನೂ ಹೂಂ ಎಂದ. ಹುಡುಗಿ ಹಸಿರು ಒತ್ತಿದಳು. ಆದರೆ ಹೊರಡಲಿಲ್ಲ.

ಹುಡುಗಿ: ಸರ್, ಪಾರ್ಕಿನ ಹಿಂದಿನ ಗಲ್ಲಿ ಅಂದ್ರಲ್ಲ... ಅಲ್ಲಿ ಸಂಜೆಯಾದ್ರೆ ಸಾಕು, ಸಾಲಾಗಿ ಕಾರು ನಿಂತಿರುತ್ತೆ, ಒಂದೊಂದರಲ್ಲಿ ಒಬ್ಬೊಬ್ಬರು ಸುಮ್ಮನೆ ಕೂತಿರ್ತಾರೆ, ನಡೆಯೋಕೂ ಜಾಗ ಇಲ್ಲ ಅಂತ ದೂರು ಬಂದಿದೆ. ಮುಂದಿನ ತಿಂಗಳಿಂದ ಅಲ್ಲಿಗೂ ಶುಲ್ಕ ಹಾಕ್ತಾರಂತೆ. ಅದನ್ನ ನಿಮ್ಮ ಕಂಪನಿ ಕೊಡಲಿಕ್ಕಿಲ್ಲ.

ಗಂಡ: ಹಗಲು ದರೋಡೆ! ಸುಮ್ಮನೆ ಕೂರೋದಕ್ಕೂ ದುಡ್ಡಾ? ನಾನು ಬಿಡಿಗಾಸೂ ಕಟ್ಟಲ್ಲ. ಆರಕ್ಕೆ ಮನೆಗೇ ಬರ್ತೀನಿ!

ಹೆಂಡತಿ ಆಗಲೇ ತನ್ನ ಕೈಚೀಲದಲ್ಲಿ ಪರ್ಸು ಹುಡುಕುತ್ತಿದ್ದಳು.

ಹೆಂಡತಿ: ಅದು ತಿಂಗಳಿಗೆ ಎಷ್ಟಾಗುತ್ತಮ್ಮ? ವರ್ಷದ್ದು ಒಟ್ಟಿಗೇ ಕಟ್ಟಿದ್ರೆ ತಗೋತಾರಾ?