ಚೀನೀ ಗುಡಿಯಲ್ಲಿ ನಾನು ಕೇಳಿದ ಕಿಮ್ಮತ್ತು

ಭೂಮಿಯ ಮೇಲೆ ಯಾರಿಂದಲೂ ಮೋಸ ಹೋಗದ ಮನುಷ್ಯ ಒಬ್ಬನಿದ್ದರೆ ಅವನು ನಾನೇ ಎಂದು ನಲವತ್ತು ವರ್ಷ ನಂಬಿದ್ದೆ. ನಂಬಿಕೆಗೆ ಆಧಾರವೂ ಇತ್ತು. ನಾನು ಬೀದರದ ಒಂದು ಕಚೇರಿಯಲ್ಲಿ ಗುಮಾಸ್ತ. ನಿಜಾಮರ ಕಾಲದ ಉರ್ದು ಕಡತಗಳನ್ನು ಓದಿ ಅರಗಿಸಿಕೊಂಡವನು. ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ಆಗಷ್ಟೇ ಮೂರು ತಿಂಗಳಾಗಿತ್ತು. ಅಷ್ಟರಲ್ಲೇ ಕನ್ನಡ ಸುತ್ತೋಲೆಗಳನ್ನೂ ಅರಗಿಸಿಕೊಂಡಿದ್ದೆ. ಎರಡು ಸರ್ಕಾರಗಳ ಕೈಯಲ್ಲಿ ಆಗದ್ದು ಯಾತ್ರಾಸ್ಥಳದ ಒಬ್ಬ ದಲಾಲನ ಕೈಯಲ್ಲಿ ಆದೀತೆ?

ಯಾತ್ರೆ ಹುಟ್ಟಿದ್ದು ನಮ್ಮ ತಾಯಿಯಿಂದ. ಆ ವರ್ಷ ದಸರೆಗೆ ನಾವು ನಾಗಪುರಕ್ಕೆ ಹೋಗಿ ಬೌದ್ಧರಾಗಿ ಬಂದಿದ್ದೆವು. ತಾಯಿ ಶಾಲುಬಾಯಿಗೆ ಆಗ ಅರವತ್ತು ದಾಟಿತ್ತು. ನಮ್ಮ ಊರು ಠಾಣಾ ಕುಶನೂರಿನಲ್ಲಿ ಆಕೆ ಹುಟ್ಟಿದಾಗಿನಿಂದ ದೇವರನ್ನು ಕಂಡದ್ದು ಗುಡಿಯ ಹೊರಗಿನ ಬೇವಿನ ಮರದ ಕೆಳಗೆ ನಿಂತು, ಅದೂ ಬಾಗಿಲು ತೆರೆದಿದ್ದರೆ. ಅದರಾಚೆ ಹೋಗುವ ಅಪ್ಪಣೆ ನಮ್ಮ ಓಣಿಯವರಿಗೆ ಇರಲಿಲ್ಲ.

ಒಂದು ದಿನ ತಾಯಿ ಕೇಳಿದಳು: “ಧರ್ಮ ತಗೊಂಡೆ, ಖರೆ. ಅದರ ಗುಡಿ ಹ್ಯಾಂಗಿರ್ತದೋ ಒಮ್ಮೆ ತೋರಸು.”

ಸಾರನಾಥದಲ್ಲಿ ಬೇರೆ ಬೇರೆ ದೇಶದವರ ಗುಡಿಗಳಿವೆ, ಚೀನಾದವರದೂ ಇದೆ ಎಂದು ಹೇಳಿದೆ. ತಾಯಿ ಅಂದಳು:

“ಚೀನಾದವ್ರಿಗೆ ನಮ್ಮ ಊರ ಸುದ್ದಿ ಗೊತ್ತಿರಂಗಿಲ್ಲ. ಅಲ್ಲಿಗೇ ಹೋಗೂಣು.”

ಕಚೇರಿಯ ಗೆಳೆಯ ಜಹೀರೋದ್ದೀನ ರಜೆಯ ಅರ್ಜಿ ನೋಡಿ ತಲೆ ಆಡಿಸಿದ. “ಗೋರಖನಾಥ ಸಾಬ, ಹೋಗಿ ಬರ್ರಿ. ಖರೆ ಯಾತ್ರಾದಾಗ ಚಲೋ ಮಾತಾಡೋರ ಕಡಿ ಹುಷಾರ ಇರ್ರಿ.”

“ನನ್ನ ಕಡಿ ಅವರು ಹುಷಾರ ಇರಲಿ” ಎಂದೆ.

ಒಂದು ನೋಟ್‌ಬುಕ್ಕಿನಲ್ಲಿ ನಿಯಮಗಳನ್ನು ಬರೆದೆ. ಗುಡಿಯ ಹೊರಗೆ ಪಾದರಕ್ಷೆ ಬಿಡತಕ್ಕದ್ದು. ಒಳಗೆ ಸದ್ದು ಮಾಡತಕ್ಕದ್ದಲ್ಲ. ಮೂರ್ತಿಯನ್ನು ಮುಟ್ಟತಕ್ಕದ್ದಲ್ಲ. ತಾನಾಗಿ ಮಾತಾಡಿಸಿದವನನ್ನು ನಂಬತಕ್ಕದ್ದಲ್ಲ. ನಗುತ್ತ ಮಾತಾಡಿಸಿದವನ ಮುಖವನ್ನೂ ನೋಡತಕ್ಕದ್ದಲ್ಲ. ಹೀಗೆ ಹದಿನೇಳು ‘ತಕ್ಕದ್ದು’ಗಳಾದವು. ಹೆಂಡತಿ ಕೇಶರಬಾಯಿ ಭಾಲ್ಕಿಯವಳು, ಮರಾಠಿ ಏಳನೇ ಇಯತ್ತೆ ಓದಿದವಳು. ನಾನು ಗಟ್ಟಿಯಾಗಿ ಓದಿದ್ದನ್ನೆಲ್ಲ ಕೇಳಿ ಅಂದಳು:

“ಇಷ್ಟೆಲ್ಲ ಬರದೀರಿ. ದಾರಿ ಗೊತ್ತಿಲ್ಲಂದ್ರ ಕೇಳಬೇಕು ಅಂತ ಬರದೇ ಇಲ್ಲಲ್ರಿ.”

ಹೆಂಗಸರ ಮಾತು ಎಂದು ನೋಟ್‌ಬುಕ್ಕು ಮುಚ್ಚಿದೆ.

ತಾಯಿ, ಕೇಶರಬಾಯಿ, ನಾನು ಮೂರು ದಿನ ರೈಲಿನಲ್ಲಿ ಕುಳಿತು, ನಿಂತು, ಒರಗಿ ಕಾಶಿ ಮುಟ್ಟಿದೆವು. ತಾಯಿಯ ಮಡಿಲಲ್ಲಿ ಒಂದು ಬಟ್ಟೆಯ ಚೀಲ. ಅದರಲ್ಲಿ ನಮ್ಮ ಹೊಲದ ಹೊಸ ತೊಗರಿ, ಬುದ್ಧನಿಗೆ. ದಾರಿಯುದ್ದಕ್ಕೂ ಆಕೆ ಅದನ್ನು ಕೆಳಗಿಡಲಿಲ್ಲ.

ನಿಲ್ದಾಣದ ಹೊರಗೆ ಟಾಂಗಾ ಹಿಡಿದೆ. ಸಾರನಾಥ ಸಮೀಪಿಸುತ್ತಿದ್ದಂತೆ ರಸ್ತೆಯ ಬದಿಗೆ ಒಂದು ಕಟ್ಟಡ ಕಂಡಿತು. ಕೆಂಪು ಬಾಗಿಲು, ಬಾಗಿಲ ಎರಡೂ ಕಡೆ ಕಲ್ಲಿನ ಸಿಂಹ, ಮೇಲೆ ಬಂಗಾರದ ಬಣ್ಣದ ಡ್ರ್ಯಾಗನ್ನು, ಅದರ ಸುತ್ತ ಚೀನೀ ಅಕ್ಷರ. “ನಿಲ್ಲಿಸು” ಎಂದೆ.

ಟಾಂಗಾದವನು ನಕ್ಕು, “ಬಾಬೂಜಿ, ಇದು ಅಂಗಡಿ. ಮಂದಿರ ಇನ್ನೂ ಮುಂದಿದೆ” ಎಂದು ಹಿಂದಿಯಲ್ಲಿ ಹೇಳಿದ.

ತಾನಾಗಿ ಮಾತಾಡಿದ್ದ. ನಗುತ್ತ ಮಾತಾಡಿದ್ದ. ಒಂದೇ ಏಟಿಗೆ ಎರಡು ನಿಯಮ. ದೂರ ಹೆಚ್ಚಿಸಿ ಬಾಡಿಗೆ ಹೆಚ್ಚಿಸುವ ಹಂಚಿಕೆ ಎಂದು ನನಗೆ ತಕ್ಷಣ ಹೊಳೆಯಿತು.

“ನಮಗೂ ಕಣ್ಣಿವೆ” ಎಂದು ಎಲ್ಲರನ್ನೂ ಇಳಿಸಿದೆ.

“ಅಂವ ಅಂಗಡಿ ಅಂದ್ನಲ್ರಿ” ಎಂದಳು ಕೇಶರಬಾಯಿ.

“ಅಂಗಡಿ ಮುಂದ ಯಾರಾದ್ರೂ ಸಿಂಹ ಕೂಡಸ್ತಾರೇನು?”

ತಂಬಿಗೆಯ ನೀರಿನಲ್ಲಿ ಕಾಲು ತೊಳೆದೆವು. ಚಪ್ಪಲಿ, ಬೂಟು ಹೊರಗೆ ಸಾಲಾಗಿ ಇಟ್ಟೆವು. ತಾಯಿ ಹೊಸ್ತಿಲ ಮುಂದೆ ನಿಂತುಬಿಟ್ಟಳು. “ನಡಿ ಅವ್ವಾ” ಎಂದು ಕೈ ಹಿಡಿದೆ. ಆಕೆ ಕಣ್ಣು ಮುಚ್ಚಿ ಬಲಗಾಲು ಒಳಗಿಟ್ಟಳು. ಬಾಗಿಲು ತಳ್ಳಿದ್ದಕ್ಕೆ ಮೇಲಿದ್ದ ಗಂಟೆ ಒಮ್ಮೆ ಸದ್ದು ಮಾಡಿತು. ನಾನು ಭಕ್ತಿಯಿಂದ ಅದನ್ನು ಇನ್ನೆರಡು ಸಲ ಬಾರಿಸಿದೆ.

ಒಳಗೆ ಸಾಲು ಸಾಲು ಮೂರ್ತಿಗಳು. ನಡುವೆ ಬೋಳು ತಲೆಯ, ದೊಡ್ಡ ಹೊಟ್ಟೆಯ, ನಗುವ ಒಂದು ಪಿಂಗಾಣಿ ಮೂರ್ತಿ. ಮೂಲೆಯಲ್ಲಿ ಒಬ್ಬ ಮನುಷ್ಯ ಪತ್ರಿಕೆ ಓದುತ್ತಿದ್ದ. ನಮ್ಮನ್ನು ನೋಡಿ ಮಾತಾಡಲಿಲ್ಲ, ನಗಲೂ ಇಲ್ಲ. ಎಂಥ ಶುದ್ಧ ಸ್ಥಳ ಎಂದು ನನಗೆ ಆನಂದವಾಯಿತು.

ತಾಯಿ ತೊಗರಿಯ ಚೀಲವನ್ನು ಮೂರ್ತಿಯ ಮುಂದಿಟ್ಟಳು. ಮೂವರೂ ಮೊಣಕಾಲೂರಿ ಮೂರು ಸಲ ಶರಣು ಹೇಳಿದೆವು. ಹಣೆ ನೆಲಕ್ಕೆ ತಗುಲಿದಾಗ ಕೇಶರಬಾಯಿ ಪಿಸುಗುಟ್ಟಿದಳು:

“ಏನ್ರಿ, ಮೂರ್ತಿ ಕಿವಿಗಿ ಚೀಟಿ ಕಟ್ಯಾರ.”

“ಹರಕಿ ಚೀಟಿ ಅದು. ಸುಮ್ಮನಿರು.”

“ಹದಿನೆಂಟು ರೂಪಾಯಿ ಎಂಟಾಣೆ ಅಂತ ಬರದದ್ರಿ.”

“ಪೂಜಾ ದರ ಇರಬೇಕು.”

ಅಷ್ಟರಲ್ಲಿ ಗಂಟೆ ಮತ್ತೆ ಸದ್ದು ಮಾಡಿತು. ಕೋಟು ತೊಟ್ಟವನೊಬ್ಬ ಬೂಟುಗಾಲಲ್ಲೇ ಒಳಗೆ ಬಂದ, ನಮ್ಮನ್ನು ದಾಟಿದ, ಮೂರ್ತಿಯನ್ನು ಎತ್ತಿದ, ಬೋರಲು ಮಾಡಿದ, ತಳಕ್ಕೆ ಬೆರಳಿನಿಂದ ಟಕ್ ಟಕ್ ಎಂದು ಬಡಿದ.

ನನ್ನ ಉಸಿರು ಅಲ್ಲೇ ನಿಂತಿತು. ತಾಯಿಯದು ನಿಲ್ಲಲಿಲ್ಲ. ಎದ್ದವಳೇ ಅವನ ಮುಂಗೈ ಹಿಡಿದಳು.

“ಏ ತಮ್ಮಾ, ದೇವ್ರನ್ನ ಬೋರಲ ಮಾಡ್ತಿ? ಕೈಯಾಗ ಬಳೀ ಇದ್ದೋಳು ನಾ ಹಿಡದೇನಿ, ಇಡು ಕೆಳಗ.”

ಅವನಿಗೆ ಭಾಷೆ ತಿಳಿಯದಿದ್ದರೂ ಹಿಡಿತ ತಿಳಿಯಿತು. ಮೂರ್ತಿಯನ್ನು ಕೆಳಗಿಟ್ಟ. ಪತ್ರಿಕೆಯವನು ಆಗ ಎದ್ದು ಬಂದ. ಒಮ್ಮೆ ತಾಯಿಯನ್ನು ನೋಡಿದ, ಒಮ್ಮೆ ಮೂರ್ತಿಯನ್ನು ನೋಡಿದ. ಆಮೇಲೆ ಬಹಳ ಮರ್ಯಾದೆಯಿಂದ ನನ್ನನ್ನು ಕೇಳಿದ:

“ಮಾತಾಜಿಗೆ ಇದೇ ಹಿಡಿಸಿದೆಯೇ? ಕಟ್ಟಿಕೊಡಲೇ?”

ನನ್ನ ಕಿವಿ ಬಿಸಿಯಾದವು. ಮೂರ್ತಿಗಳ ಸಾಲು ನೋಡಿದೆ; ಪ್ರತಿ ಬುದ್ಧನ ಕಿವಿಯಲ್ಲೂ ಚೀಟಿ. ಸಿಂಹಗಳ ಕಿವಿಯಲ್ಲೂ ಇತ್ತೆಂದು ಹೊರಗೆ ಬಂದ ಮೇಲೆ ಕಂಡೆ. ಅಂಗಡಿಯವನು ತೊಗರಿಯ ಚೀಲವನ್ನು ಎರಡೂ ಕೈಯಿಂದ ತಾಯಿಗೆ ಹಿಂತಿರುಗಿಸಿದ. ನಾನು ಕಂಡ ಮಟ್ಟಿಗೆ ಆ ಮನುಷ್ಯನಲ್ಲಿ ಯಾವ ಮೋಸವೂ ಇರಲಿಲ್ಲ. ಮೋಸ ಮಾಡಿದವನು ನಾನೊಬ್ಬನೇ.

ಹೊರಗೆ ಕಾಯುತ್ತಿದ್ದ ಅದೇ ಟಾಂಗಾ ಹತ್ತಿದೆವು. ದಾರಿಯಲ್ಲಿ ತಾಯಿ ನಿಧಾನವಾಗಿ ಅಂದಳು:

“ಅಂಗಡಿ. ಅದಕ್ಕೇ ಒಳಗ ಬಿಟ್ರು.”

ಆ ಮಾತು ನನಗೆ ಎಷ್ಟು ಆಳಕ್ಕೆ ತಗುಲಿತೆಂದರೆ, ನನ್ನ ಬುದ್ಧಿ ಪೂರ್ತಿ ಕೆಟ್ಟಿತು. ಇನ್ನೊಮ್ಮೆ ಹೀಗಾಗಬಾರದು. ಇನ್ನು ಯಾವ ಕಟ್ಟಡವಾದರೂ ಸರಿ, ಮೊದಲು ನಾನು ಒಳಗೆ ಹೋಗಿ ಪರೀಕ್ಷೆ ಮಾಡಿ, ಆಮೇಲೆ ತಾಯಿಯನ್ನು ಕರೆಯಬೇಕು.

ಟಾಂಗಾ ನಿಂತದ್ದು ಒಂದು ಸಾದಾ ಕಟ್ಟಡದ ಮುಂದೆ. ಸಿಂಹವಿಲ್ಲ, ಡ್ರ್ಯಾಗನ್ನಿಲ್ಲ. ಅಂಗಳದಲ್ಲಿ ತೇಪೆ ಹಾಕಿದ ಅಂಗಿಯ ಮುದುಕನೊಬ್ಬ ಕಸ ಗುಡಿಸುತ್ತಿದ್ದ. ನಮ್ಮನ್ನು ನೋಡಿ ನಕ್ಕ, “ಬನ್ನಿ” ಎಂದ. ಇನ್ನೇನು ಬೇಕು? ಇದೂ ಅಂಗಡಿ, ಬಡ ಅಂಗಡಿ, ಎಂದು ತೀರ್ಮಾನಿಸಿದೆ.

ಬೂಟು ಬಿಚ್ಚದೆ ಒಳಗೆ ಹೋದೆ. ಕೇಶರಬಾಯಿ ಹಿಂದಿನಿಂದ “ರೀ, ಬೂಟು” ಎಂದದ್ದು ಕೇಳಿಸಿತು, ಕೇಳದವನಂತೆ ನಡೆದೆ. ಹಜಾರದ ಕೊನೆಯಲ್ಲಿ ಬಿಳಿ ಕಲ್ಲಿನ ಬುದ್ಧ ಕುಳಿತಿದ್ದ. ಎಡಗಿವಿ ನೋಡಿದೆ, ಬಲಗಿವಿ ನೋಡಿದೆ, ಚೀಟಿಯಿಲ್ಲ. ಹಿಂದೆ ಸುತ್ತಿ ಬಂದು ನೋಡಿದೆ. ಪೀಠಕ್ಕೆ ಬೆರಳಿನಿಂದ ಟಕ್ ಟಕ್ ಎಂದು ಬಡಿದೆ. ಮುದುಕ ಬಾಗಿಲಿಗೆ ಬಂದು ನಿಂತಿದ್ದ. ಈ ಸಲ ನನ್ನನ್ನು ಯಾರೂ ಏಮಾರಿಸಲಾರರು ಎಂಬ ಠೀವಿಯಲ್ಲಿ ಕೇಳಿದೆ:

“ಇದರ ಕಿಮ್ಮತ್ ಎಷ್ಟು?”

ಮುದುಕ ಪೊರಕೆಯನ್ನು ಗೋಡೆಗೆ ಒರಗಿಸಿದ. ಒಂದು ಒದ್ದೆ ಬಟ್ಟೆ ತಂದು ಬಾಗಿಲ ಬಳಿ ಮೊಣಕಾಲೂರಿ, ನೆಲದ ಮೇಲಿದ್ದ ನನ್ನ ಮೊದಲ ಬೂಟಿನ ಗುರುತನ್ನು ಒರೆಸಿದ. ಆಮೇಲೆ ಎರಡನೆಯದು. ಆಮೇಲೆ ಮೂರನೆಯದು. ಆಗ ಗೋಡೆಯ ಮೇಲಿನ ಚಿತ್ರ ನನ್ನ ಕಣ್ಣಿಗೆ ಬಿತ್ತು: ಇದೇ ಮುದುಕ, ಇನ್ನೂ ಹರೆಯದಲ್ಲಿ, ಭಿಕ್ಷುವಿನ ನಿಲುವಂಗಿಯಲ್ಲಿ, ಇದೇ ಮೂರ್ತಿಯ ಪಕ್ಕ ನಿಂತಿದ್ದ.

ಚಿತ್ರದ ಕೆಳಗೆ ಹಿಂದಿಯಲ್ಲಿ ‘ಚೀನೀ ಮಂದಿರ’ ಎಂದು ಬರೆದಿತ್ತು. ಓಡಿಹೋಗೋಣವೆಂದರೆ ಒಂದೊಂದು ಹೆಜ್ಜೆಗೂ ಒಂದೊಂದು ಹೊಸ ಗುರುತು. ನಿಂತಿರೋಣವೆಂದರೆ ಮುದುಕ ಒರೆಸುತ್ತ ಒರೆಸುತ್ತ ನನ್ನ ಕಾಲ ಬಳಿಗೇ ಬಂದಿದ್ದ. ಬಂದು ಕುಳಿತ. ನಾನು ಕಾಲೆತ್ತುವುದನ್ನೇ ಕಾಯುತ್ತ ಮೇಲೆ ನೋಡಿದ. ಸಿಟ್ಟಿರಲಿಲ್ಲ, ಇದ್ದಿದ್ದರೆ ನಾನು ಬದುಕುತ್ತಿದ್ದೆ. ನಾನು ಕೊಕ್ಕರೆಯಂತೆ ಒಂಟಿಗಾಲಲ್ಲಿ ನಿಂತು ಒಂದು ಬೂಟು ಬಿಚ್ಚಿದೆ, ಇನ್ನೊಂದು ಬಿಚ್ಚಿದೆ, ಎರಡನ್ನೂ ಎದೆಗೆ ಅಪ್ಪಿಕೊಂಡೆ.

ಮುದುಕ ಬಾಗಿಲ ಕಡೆ ತಿರುಗಿದ. ಅಲ್ಲಿ ತಾಯಿ ಹೊಸ್ತಿಲಿಂದ ಹತ್ತು ಹೆಜ್ಜೆ ಆಚೆ, ಬಿಸಿಲಲ್ಲಿ, ಕೈಮುಗಿದು ನಿಂತಿದ್ದಳು.

“ಒಳಗೆ ಬನ್ನಿ” ಎಂದ ಮುದುಕ.

“ಇಲ್ಲಿಂದೇ ಕಾಣ್ತದ್ರಿ” ಎಂದಳು ತಾಯಿ.

ಮುದುಕ ಅಂಗಳಕ್ಕಿಳಿದು ಆಕೆಯ ಬಳಿಗೆ ಹೋದ. ಊರು ಕೇಳಲಿಲ್ಲ, ಹೆಸರು ಕೇಳಲಿಲ್ಲ. ತಾಯಿಯೇ ನಮ್ಮ ಬೀದರದ ಹಿಂದಿಯಲ್ಲಿ ಕೇಳಿದಳು, “ನಾ ಎಲ್ಲಿತನ ಬರಬಹುದ್ರಿ?”

“ಎಲ್ಲಿತನಕ ಜಾಗ ಇದೆಯೋ ಅಲ್ಲಿತನಕ.”

ತಾಯಿ ಕೇಶರಬಾಯಿಯ ಕೈ ಹಿಡಿದು ಒಳಗೆ ಬಂದಳು. ಈ ಸಲ ಕಣ್ಣು ಮುಚ್ಚಲಿಲ್ಲ. ಮೂರ್ತಿಯ ತೀರ ಹತ್ತಿರ ಹೋಗಿ, ಮುದುಕ ಹಾಸಿದ ಚಾಪೆಯ ಮೇಲೆ ಕುಳಿತಳು. ಮುದುಕ ತೊಗರಿಯ ಚೀಲ ಬಿಚ್ಚಿ ಒಂದು ಬಟ್ಟಲಿಗೆ ಸುರಿದು ಬುದ್ಧನ ಮುಂದಿಟ್ಟ, ಊದಿನಕಡ್ಡಿ ಹಚ್ಚಿದ. ತಾಯಿ ಬಹಳ ಹೊತ್ತು ಕುಳಿತೇ ಇದ್ದಳು. ಸೆರಗಿನಿಂದ ಆಗಾಗ ಕಣ್ಣೊರೆಸಿಕೊಳ್ಳುತ್ತಿದ್ದಳು. ನಾನು ಬೂಟು ಅಪ್ಪಿಕೊಂಡು ಕಂಬದ ಹಿಂದೆ ನಿಂತಿದ್ದೆ.

ಏಳುವಾಗ ಮುದುಕ ನನ್ನ ಕಡೆ ಕೈ ತೋರಿಸಿ ಆಕೆಯನ್ನು ಕೇಳಿದ, “ಇವರು ನಿಮ್ಮವರೇ?”

ತಾಯಿ ನನ್ನನ್ನು ನೋಡಿದಳು. ನನ್ನ ಕೈಯಲ್ಲಿದ್ದ ಬೂಟು ನೋಡಿದಳು.

“ಇಲ್ರಿ” ಎಂದಳು. “ಯಾರೋ ಗಿರಾಕಿ. ಆ ಅಂಗಡಿಯಿಂದ ನಮ್ಮ ಬೆನ್ನ ಹತ್ಯಾನ.”

ಕೇಶರಬಾಯಿ ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಓಡಿದಳು. ಮುದುಕ ನಕ್ಕು, ಮೂರು ಬಟ್ಟಲು ಚಹಾ ತಂದ. ಮೂರನೆಯದು ನನಗೆ. ಬೂಟನ್ನು ಎಲ್ಲಿಡಬೇಕೆಂದು ತಿಳಿಯದೆ ಕಂಕುಳಲ್ಲಿಟ್ಟುಕೊಂಡೇ ಕುಡಿದೆ.

ಊರಿಗೆ ಬಂದ ಮರುದಿನ ಕುಶನೂರಿನ ನಮ್ಮ ಅಂಗಳದಲ್ಲಿ ಓಣಿಯೇ ಸೇರಿತ್ತು. ನಾನು ಕಾಶಿಯ ರೈಲಿನ ವೇಗ, ನಿಲ್ದಾಣದ ಎತ್ತರ ಎಲ್ಲ ವರ್ಣಿಸಿದೆ. ಯಾರೂ ಕೇಳಲಿಲ್ಲ. ಎಲ್ಲರೂ ತಾಯಿಯ ಸುತ್ತ ಕುಳಿತಿದ್ದರು.

“ಒಳಗ ಹೋದೆ” ಎಂದಳು ತಾಯಿ. “ಮೂರ್ತಿ ಮುಂದ ಕುಂತೆ. ಏಳು ಅಂತ ಯಾರೂ ಅನಲಿಲ್ಲ.”

ಮೊದಲು ಕೌಸಲ್ಯಾಬಾಯಿ, ತಾಯಿಯ ಓರಗೆಯವಳು, ತಾನೂ ಹೋಗಬೇಕೆಂದಳು. ಪಕ್ಕದ ಮನೆಯ ಧೊಂಡಿಬಾನೂ ಹೋಗುತ್ತೇನೆಂದ. ನೋಡುನೋಡುತ್ತ ಹನ್ನೊಂದು ಜನ ಹೊರಡಲು ಸಿದ್ಧರಾದರು. ನಾನು ಗಂಟಲು ಸರಿಮಾಡಿಕೊಂಡು ಮುಂದೆ ಸರಿದೆ.

“ದಾರಿ ಗೊತ್ತಾಗಲಿಲ್ಲಂದ್ರ ನಾವು ಗೋರಖನಾಥನ್ನ ಕೇಳಬಹುದೇನು ಶಾಲುಬಾಯಿ?” ಎಂದಳು ಕೌಸಲ್ಯಾಬಾಯಿ.

“ಕೇಳಲೇಬೇಕು” ಎಂದಳು ನಮ್ಮ ತಾಯಿ. “ಅಂವ ಯಾವ ಕಡಿ ಕೈ ಮಾಡ್ತಾನೋ, ಅದನ್ನ ಬಿಟ್ಟು ಬಾಜೂಕಿನ ದಾರಿ ಹಿಡೀರಿ. ಸೀದಾ ಗುಡಿಗೇ ಹೋಗ್ತದ.”