ಕರೆಂಟ್ ಗಾಡಿಯೂ ನಮ್ಮಪ್ಪನ ಷರತ್ತೂ

ನಮ್ಮನೆಗೆ ಈ ಕರೆಂಟ್ ಗಾಡಿ ಬಂದಾಗಿಂದ ವಾರಕ್ಕೊಂದು ಎಡವಟ್ಟು ಆಗ್ಲೇಬೇಕು, ಆಗ್ಲಿಲ್ಲ ಅಂದ್ರೆ ನಮಗೇ ಏನೋ ಕಳ್ಕೊಂಡಂಗಿರುತ್ತೆ. ಮನೆಮಂದಿಯೆಲ್ಲಾ ಕೂರೋ ಅಂಥ ದೊಡ್ಡ ಗಾಡಿ. ಇದೇ ಬೇಕು ಅಂತ ಹಠ ಹಿಡಿದೋಳು ನಾನು. ಜನ್ಮವೆಲ್ಲಾ ಡೀಸೆಲ್ ಜೀಪ್ ಓಡಿಸಿದ ನಮ್ಮಪ್ಪ ಒಪ್ಕೊಂಡಿದ್ದು ಒಂದೇ ಷರತ್ತಿನ ಮೇಲೆ. "ಒಂದೇ ಒಂದ್ ಸಲ ದಾರೀಲಿ ನಿಂತ್ರೂ ಮಾರ್ಬಿಡ್ತೀನಿ ಕಣಮ್ಮ." ಅವತ್ತಿಂದ ನನ್ನ ಜೀವ ಎಲ್ಲಾ ಬ್ಯಾಟ್ರಿ ಪರ್ಸೆಂಟ್ ಮೇಲೆ.

ಪೂಜೆ

ಚಿಂತಾಮಣೀಲಿ ನಮ್ಮ ಬೀದಿ ದೇವಸ್ಥಾನದ ಮುಂದೆ ಗಾಡಿ ನಿಲ್ಸಿ, ಚಕ್ರದಡಿ ನಿಂಬೆಹಣ್ಣಿಟ್ಟಾಯ್ತು. ಪೂಜಾರಪ್ಪ ಕರ್ಪೂರ ಹಚ್ಚಿ, "ಸ್ಟಾರ್ಟ್ ಮಾಡಮ್ಮ" ಅಂದ್ರು.

"ಆಗಿದೆ ಸ್ವಾಮಿ."

"ಮಾಡಮ್ಮ, ಆರತಿ ಆರೋಗುತ್ತೆ."

"ಆಗಿದೆ ಸ್ವಾಮಿ, ಇದು ಶಬ್ದ ಮಾಡಲ್ಲ."

ಅವರು ನಂಬ್ಲಿಲ್ಲ. ಬಾನೆಟ್ ಮೇಲೆ ಕಿವಿ ಇಟ್ಟು ನೋಡಿ, ನಮ್ಮಪ್ಪನ ಕಡೆ ತಿರುಗಿ, ಪಾಪ ಮೋಸ ಹೋಗಿದೀರಿ ಅನ್ನೋ ಹಂಗೆ ತಲೆ ಆಡಿಸಿ, ಪಕ್ಕಕ್ಕೆ ಸರಿದ್ರು. ನಾನು ಮೆಲ್ಲಗೆ ಬಿಟ್ಟೆ. ನಿಂಬೆಹಣ್ಣು ಪಚಕ್ ಅಂತು. ಪೂಜಾರಪ್ಪ ತಟ್ಟೆ ಸಮೇತ ಜಗಲಿ ಮೇಲೆ. ದಕ್ಷಿಣೆ ತಗೊಳ್ಳೋವಾಗ ಹೇಳಿದ್ರು, "ಇನ್ಮೇಲೆ ಬರೋವಾಗ ಬಾಯಲ್ಲಾದ್ರೂ ಡುರ್ ಅನ್ನಮ್ಮ."

ಸರ್ವೀಸು

ಶಿಡ್ಲಘಟ್ಟದಲ್ಲಿ ನಮ್ಮಪ್ಪನ ಜೀಪ್ ನೋಡ್ಕೊತಿದ್ದ ಹಳೇ ಮೆಕ್ಯಾನಿಕ್ ಒಬ್ರಿದಾರೆ. "ಅವರಿಗೆ ತೋರಿಸ್ದೇ ಇದ್ರೆ ಬೇಜಾರ್ ಮಾಡ್ಕೋತಾರೆ" ಅಂತ ಅಪ್ಪ ಈ ಗಾಡೀನೂ ಅಲ್ಲಿಗೇ ಕರ್ಕೊಂಡ್ ಹೋದ್ರು, ಆಯಿಲ್ ಚೇಂಜ್ ಮಾಡಿಸೋಕೆ. ಅವರು ಬಾನೆಟ್ ಎತ್ತಿ, ಬಗ್ಗಿ ನೋಡಿ, "ಏಂದನ್ನಾ ಇದಿ" ಅಂತ ತೆಲುಗಲ್ಲಿ ಬೆರಗಾಗಿ, "ಇದರಲ್ಲಿ ಆಯಿಲ್ ಹಾಕೋ ಜಾಗಾನೇ ಇಲ್ವಲ್ಲ" ಅಂದ್ರು. ಆದ್ರೂ ಬಂದ ಗಿರಾಕಿನ ಬರಿಗೈಲಿ ಕಳ್ಸೋದು ಹೆಂಗೆ? ವೈಪರ್‌ಗೆ ಒಂದ್ ಬಾಟ್ಲಿ ನೀರು ಹಾಕಿ, ಗಾಜು ಒರೆಸಿ ಕಳ್ಸಿದ್ರು.

ವಾಪಸ್ ಬರೋವಾಗ ನಮ್ಮಪ್ಪ, "ನೋಡಿದ್ಯೇನಮ್ಮ ಅವರ ಕೈಗುಣ? ಈಗೆಷ್ಟು ಸ್ಮೂತಾಗಿ ಹೋಗ್ತಿದೆ."

ನಾಮಕರಣ

ಮಂಡಿಕಲ್ಲಲ್ಲಿ ನಮ್ಮ ಸೋದರತ್ತೆ ಮೊಮ್ಮಗೂಗೆ ನಾಮಕರಣ. ಹಿಂದಿನ ದಿನ ಗೌರಿಬಿದನೂರಿಗೆ ಹೋಗ್ಬಂದಿದ್ವಿ, ಚಾರ್ಜ್ ಹಾಕೋದು ಮರ್ತೋಗಿತ್ತು. ಅತ್ತೆ ಮನೆ ಮುಟ್ಟೋ ಹೊತ್ತಿಗೆ ಎಂಟು ಪರ್ಸೆಂಟ್. ಪರವಾಗಿಲ್ಲ, ಸಾಯಂಕಾಲದ ತನಕ ಟೈಮಿದೆ ಅಂತ ಗ್ರೈಂಡರ್ ಪಕ್ಕದ ದೊಡ್ಡ ಪ್ಲಗ್‌ಗೆ ಹಾಕಿ, ನಿಶ್ಚಿಂತೆಯಾಗಿ ಹೋಳಿಗೆ ತಿಂದೆ.

ಸಾಯಂಕಾಲ ಬಂದು ನೋಡಿದ್ರೆ ಹನ್ನೊಂದು. ಪ್ಲಗ್ ಇದ್ದ ಹಂಗೇ ಇದೆ. ಅಷ್ಟೊತ್ತಿಗೆ ಕರೆಂಟ್ ಇರ್ಲಿಲ್ಲ. "ಈಗಿನ್ನೂ ಹೋಯ್ತು ಕಣೇ, ಮಧ್ಯಾಹ್ನ ಎಲ್ಲಾ ಇತ್ತು" ಅಂದ್ರು ಅತ್ತೆ. ಹಂಗಾದ್ರೆ ತಪ್ಪು ಕರೆಂಟಿಂದಲ್ಲ. ಗಾಡಿ ಕೆಟ್ಟಿದೆ, ಅಪ್ಪ ಮಾರೋದು ಗ್ಯಾರಂಟಿ.

ಪರ್ಸೆಂಟ್ ವಿಷಯ ಯಾರಿಗೂ ಹೇಳ್ದೆ, ಅಪ್ಪ ಅಮ್ಮನ್ನ ಕೂರಿಸ್ಕೊಂಡು ಹೊರಟೆ. ಚಿಕ್ಕಬಳ್ಳಾಪುರದ ಹತ್ರ ಹೈವೇ ಹೋಟೆಲ್‌ನಲ್ಲಿ ಚಾರ್ಜರ್ ಇದೆ, ಅಲ್ಲೀತನಕ ಹೋದ್ರೆ ಬದುಕಿದೆ. ಎಸಿ ಆಫ್, ಹಾಡು ಆಫ್, ಮೂವತ್ತರ ಸ್ಪೀಡು. ಪೆರೇಸಂದ್ರದ ಹತ್ರ ಹುಲ್ಲು ತುಂಬಿದ ಟ್ರ್ಯಾಕ್ಟರ್ ನಮ್ಮನ್ನ ದಾಟ್ಕೊಂಡ್ ಹೋಯ್ತು. ಹಿಂದೆ ಕೂತಿದ್ದ ಅಮ್ಮ, "ಸೆಕೆ ಕಣೇ, ಎಸಿ ಹಾಕು."

"ಹೊರಗಡೆ ಗಾಳಿ ಚೆನ್ನಾಗಿದೆ ಅಮ್ಮ."

ಯಾವಾಗ್ಲೂ ಬೇಗ ಬೇಗ ಅನ್ನೋ ಅಪ್ಪ, ವಿಚಿತ್ರವಾಗಿ, "ನಿಧಾನಕ್ಕೇ ಹೋಗ್ಲಿ, ಅರ್ಜೆಂಟೇನಿದೆ" ಅಂದ್ರು.

ಮೂರು ಪರ್ಸೆಂಟಲ್ಲಿ ಹೋಟೆಲ್ ಸಿಕ್ತು. ಪ್ಲಗ್ ಹಾಕ್ದೆ, ಹಸಿರು ಲೈಟ್ ಬಂತು, ಪರ್ಸೆಂಟ್ ಏರೋಕೆ ಶುರುವಾಯ್ತು. ಉಸ್ಸಪ್ಪಾ ಅಂತ ಅಲ್ಲೇ ಕಟ್ಟೆ ಮೇಲೆ ಕುಸಿದೆ. ಪಕ್ಕದಲ್ಲಿ ನನಗಿಂತ ಜೋರಾಗಿ ಇನ್ನೊಂದು ಉಸ್ಸಪ್ಪಾ. ನಮ್ಮಪ್ಪ.

ಗಾಡಿ ಕಡೆ ನೋಡ್ತಾ ಮೆಲ್ಲಗೆ ಕೇಳಿದ್ರು, "ಇದಕ್ಕೆ ಮಧ್ಯ ಮಧ್ಯ ರೆಸ್ಟ್ ಕೊಡಬಾರದೇನಮ್ಮ?"

"ರೆಸ್ಟಾ?"

"ಬೋರ್ ಮೋಟ್ರಿಗೆ ಕೊಡ್ತೀವಲ್ಲ, ಕಾಯಿಲ್ ಸುಡದೇ ಇರ್ಲಿ ಅಂತ. ಅರ್ಧ ಗಂಟೆಗೇ ವೈರು ಬೆಚ್ಚಗಾಗಿತ್ತು, ಕಿತ್ತಾಕ್ದೆ. ಎಲೆ ಅಡಿಕೆ ಹಾಕ್ಕೊಂಡು ಮಾತಿಗೆ ಕೂತೋನು ಮರ್ತೇ ಹೋದೆ. ಹೊರಡೋ ಟೈಮಿಗೆ ಜ್ಞಾಪಕ ಬಂತು, ಓಡೋಗಿ ಚುಚ್ಚಿದೆ, ಕರೆಂಟೇ ಹೋಯ್ತು."

ನನಗೆ ನಗಬೇಕೋ ಅಳಬೇಕೋ. ಗಾಡಿಗೆ ಏನೂ ಆಗಿಲ್ಲ, ಅಷ್ಟು ಸಾಕಾಗಿತ್ತು. ಆದ್ರೂ ಬಿಡ್ಲಿಲ್ಲ. "ನಿಂತೋಗಿದ್ರೆ ಮಾರ್ಬಿಡ್ತಿದ್ರಲ್ಲಪ್ಪ?"

ಅಪ್ಪ ಹೋಟೆಲ್ ಬೋರ್ಡ್ ಓದೋಕೆ ಶುರು ಮಾಡಿದ್ರು. ಕಿಟಕಿ ಇಳ್ಸಿ, ಸೆರಗಲ್ಲಿ ಗಾಳಿ ಬೀಸ್ಕೊತಾ ಅಮ್ಮ ಹೇಳಿದ್ರು, "ಗಾಡಿ ಇರ್ಲಿ ಕಣಮ್ಮ. ಮಾರೋದಾದ್ರೆ ನಿಮ್ಮಪ್ಪನ್ನ ಯಾರಾದ್ರೂ ತಗೋತಾರಾ, ಒಳಗ್ ಹೋಗಿ ಕೇಳ್ಕೊಂಡ್ ಬಾ."